ಕಚೇರಿಯ ನೆಟ್‌ವರ್ಕ್ ಪ್ಯಾಚ್ ಕೇಬಲ್: ಉದ್ದವನ್ನು ಅಳೆದು ನಿರ್ಧರಿಸುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)



ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿಯ ನಮೂನೆಗಳನ್ನು ವಿತರಿಸುವುದು, ಪಂಚತಂತ್ರ ತಂತ್ರಾಂಶದಲ್ಲಿ ತೆರಿಗೆ ಹಾಗೂ ಲೆಕ್ಕಪತ್ರಗಳನ್ನು ನಿರ್ವಹಿಸುವುದು, ಬಾಪೂಜಿ ಸೇವಾ ಕೇಂದ್ರದಲ್ಲಿ ನಾಗರಿಕರ ಅರ್ಜಿಗಳನ್ನು ಸ್ವೀಕರಿಸುವುದು, ಇವೆಲ್ಲವೂ ಇಂದು ಅಂತರ್ಜಾಲ ಸಂಪರ್ಕವನ್ನು ಅವಲಂಬಿಸಿವೆ. ಸಂಪರ್ಕ ಕಡಿತಗೊಂಡ ದಿನ ಕಚೇರಿಯ ಮುಂದೆ ನಿಂತವರಿಗೆ ದೊರೆಯುವ ಉತ್ತರ ಒಂದೇ: "ಸರ್ವರ್ ಇಲ್ಲ, ನಾಳೆ ಬನ್ನಿ." ಆ ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚು ಭರಿಸಿ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಸರ್ವರ್ ಅಥವಾ ಹೊರಗಿನ ಫೈಬರ್ ಕೆಟ್ಟಿದ್ದರೆ ಅದನ್ನು ಸರಿಪಡಿಸುವುದು ಗ್ರಾಮ ಪಂಚಾಯತಿಯ ಕೈಯಲ್ಲಿಲ್ಲ. ಆದರೆ ಕೆಲವೊಮ್ಮೆ ಇವೆರಡೂ ಸುಸ್ಥಿತಿಯಲ್ಲಿದ್ದು, ಮೇಜಿನ ಕೆಳಗೆ ಬಿಗಿಯಾಗಿ ಎಳೆದಿರುವ ಅಥವಾ ಕುರ್ಚಿಯ ಗಾಲಿಗೆ ಸಿಕ್ಕಿ ಜಜ್ಜಿಹೋದ ಒಂದು ಕೇಬಲ್‌ನಿಂದಲೇ ಕೆಲಸ ನಿಲ್ಲುತ್ತದೆ. ಈ ದೋಷವನ್ನು ಪಂಚಾಯತಿಯೇ ತಡೆಯಬಹುದು. ಅದಕ್ಕೆ ಬೇಕಾದುದು ಒಂದು ಅಳತೆ ಟೇಪು ಮತ್ತು ಖರೀದಿಗೆ ಮುನ್ನ ಅರ್ಧ ಗಂಟೆಯ ಸಮಯ. ಕೇಬಲ್ ಉದ್ದವನ್ನು ಕಣ್ಣಂದಾಜಿನಿಂದ ತೀರ್ಮಾನಿಸದೆ, ಕೇಬಲ್ ಸಾಗುವ ದಾರಿಯನ್ನು ಅಳೆದು ನಿರ್ಧರಿಸಬೇಕು ಎಂಬುದೇ ಈ ಲೇಖನದ ಆಶಯ.

1. ಪ್ಯಾಚ್ ಕೇಬಲ್ ಎಂದರೇನು?

ಭಾರತ್‌ನೆಟ್ ಯೋಜನೆಯಡಿ ಬರುವ ಆಪ್ಟಿಕಲ್ ಫೈಬರ್, ಪಂಚಾಯತಿ ಕಚೇರಿಯ ಗೋಡೆಯ ಮೇಲಿರುವ ಸಣ್ಣ ಪೆಟ್ಟಿಗೆಯಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಅದು ಓಎನ್‌ಟಿ ಎಂಬ ಉಪಕರಣಕ್ಕೆ ಸೇರುತ್ತದೆ. ಬೆಳಕಿನ ರೂಪದಲ್ಲಿ ಬಂದ ಮಾಹಿತಿಯನ್ನು ಓಎನ್‌ಟಿ ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. ಓಎನ್‌ಟಿಯಿಂದ ನೆಟ್‌ವರ್ಕ್ ಸ್ವಿಚ್‌ಗೆ, ಸ್ವಿಚ್‌ನಿಂದ ಗಣಕಯಂತ್ರಕ್ಕೆ ಈ ಸಂಕೇತವನ್ನು ಒಯ್ಯುವ, ಎರಡೂ ತುದಿಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪ್ಲಗ್ ಇರುವ ಮೃದುವಾದ ಕೇಬಲ್ಲೇ ಪ್ಯಾಚ್ ಕೇಬಲ್. ಕಚೇರಿಗಳಲ್ಲಿ ಇದನ್ನು "ಲ್ಯಾನ್ ಕೇಬಲ್" ಅಥವಾ "ನೆಟ್ ವೈರು" ಎಂದು ಕರೆಯುವುದು ರೂಢಿ.

ಇದರೊಳಗೆ 8 ತಾಮ್ರದ ತಂತಿಗಳು 4 ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಹೊರಗಿನ ವಿದ್ಯುತ್ ಅಡಚಣೆಯೂ ಪಕ್ಕದ ಜೋಡಿಯ ಸಂಕೇತವೂ ಬೆರೆಯದಂತೆ ತಡೆಯುವುದು ಈ ಹೆಣಿಗೆಯೇ. ಕೇಬಲ್ಲನ್ನು ಜಜ್ಜಿದಾಗ, ಮಡಿಸಿದಾಗ ಅಥವಾ ಅತಿಯಾಗಿ ಬಿಗಿದಾಗ ಕೆಡುವುದೂ ಇದೇ ಹೆಣಿಗೆ.

ಗೋಡೆಯ ಕೇಸಿಂಗ್ ಪಟ್ಟಿಯೊಳಗೆ ಶಾಶ್ವತವಾಗಿ ಎಳೆಯುವ ಕೇಬಲ್ ಬೇರೆ ಬಗೆಯದು. ಅದರ ಪ್ರತಿಯೊಂದು ತಂತಿಯೂ ಒಂದೇ ಗಟ್ಟಿ ಎಳೆಯದಾಗಿರುತ್ತದೆ. ಪ್ಯಾಚ್ ಕೇಬಲ್‌ನ ಪ್ರತಿ ತಂತಿಯಲ್ಲಿ ಅನೇಕ ಸಣ್ಣ ಎಳೆಗಳಿರುವುದರಿಂದ ಅದು ಸುಲಭವಾಗಿ ಬಾಗುತ್ತದೆ, ಪದೇ ಪದೇ ಅಲುಗಿದರೂ ಬೇಗ ತುಂಡಾಗುವುದಿಲ್ಲ. ಆದರೆ ಅಷ್ಟೇ ದೂರಕ್ಕೆ ಅದರಲ್ಲಿ ಸಂಕೇತದ ನಷ್ಟ ಸ್ವಲ್ಪ ಹೆಚ್ಚು. ಆದ್ದರಿಂದ ಸ್ಥಿರವಾದ ದೂರದ ದಾರಿಗೆ ಗಟ್ಟಿ ತಂತಿಯ ಕೇಬಲ್, ಅಲುಗುವ ತುದಿಗಳಿಗೆ ಪ್ಯಾಚ್ ಕೇಬಲ್ ಎಂಬುದು ಮೂಲ ನಿಯಮ.

2. ಉದ್ದಕ್ಕೂ ವೇಗಕ್ಕೂ ಸಂಬಂಧವಿದೆಯೇ?

ಕೇಬಲ್ ಗಿಡ್ಡವಾದಷ್ಟೂ ಅಂತರ್ಜಾಲ ವೇಗವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕಚೇರಿಯೊಳಗಿನ ಉದ್ದಗಳ ಮಟ್ಟಿಗೆ ಇದು ನಿಜವಲ್ಲ. ತಾಮ್ರದ ಜೋಡಿಯಲ್ಲಿ ಸಂಕೇತವು 1 ಮೀಟರ್ ದೂರವನ್ನು ಸುಮಾರು 5 ನ್ಯಾನೋಸೆಕೆಂಡ್‌ಗಳಲ್ಲಿ, ಅಂದರೆ ಸೆಕೆಂಡನ್ನು 100 ಕೋಟಿ ಭಾಗ ಮಾಡಿದರೆ ಅದರ 5 ಭಾಗದಷ್ಟು ಕಾಲದಲ್ಲಿ ದಾಟುತ್ತದೆ. 1 ಮೀಟರ್ ಕೇಬಲ್‌ಗೂ 5 ಮೀಟರ್ ಕೇಬಲ್‌ಗೂ ಇರುವ ವ್ಯತ್ಯಾಸ ಬಳಸುವವರ ಅನುಭವಕ್ಕೆ ಬರುವಂಥದ್ದಲ್ಲ.

ಆದರೂ ಉದ್ದಕ್ಕೆ ಒಂದು ಮಿತಿಯಿದೆ. ದೂರ ಹೆಚ್ಚಿದಂತೆ ಸಂಕೇತ ಕ್ಷೀಣಿಸುತ್ತದೆ. ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ ಸ್ವೀಕೃತವಾಗಿರುವ ಮಾನದಂಡದಂತೆ, ಸ್ವಿಚ್‌ನಿಂದ ಗಣಕಯಂತ್ರದವರೆಗಿನ ಒಟ್ಟು ಉದ್ದ 100 ಮೀಟರ್ ಮೀರಬಾರದು. ಇದರಲ್ಲಿ ಗೋಡೆಯೊಳಗಿನ ಸ್ಥಿರ ಕೇಬಲ್ ಗರಿಷ್ಠ 90 ಮೀಟರ್. ಎರಡೂ ತುದಿಗಳ ಪ್ಯಾಚ್ ಕೇಬಲ್‌ಗಳು ಸೇರಿ 10 ಮೀಟರ್. ಸಾಮಾನ್ಯ ಪಂಚಾಯತಿ ಕಟ್ಟಡದೊಳಗೆ ಈ ಮಿತಿಯನ್ನು ಮುಟ್ಟುವ ಸಂದರ್ಭ ವಿರಳ.

ಹಾಗಾದರೆ ಕಚೇರಿಯೊಳಗೆ ಉದ್ದದ ಆಯ್ಕೆಗೆ ಇಷ್ಟು ಮಹತ್ವ ಏಕೆ? ಅಲ್ಲಿ ತಪ್ಪು ಉದ್ದದ ಕೇಬಲ್ ಸಂಕೇತವನ್ನು ದುರ್ಬಲಗೊಳಿಸುವುದಕ್ಕಿಂತ ಮೊದಲೇ ಭೌತಿಕವಾಗಿ ಹಾಳಾಗುತ್ತದೆ ಎಂಬುದೇ ಕಾರಣ.

3. ಗಿಡ್ಡವಾದರೆ, ಉದ್ದವಾದರೆ

ಗಿಡ್ಡ ಕೇಬಲ್ ಸದಾ ಎಳೆತದಲ್ಲಿರುತ್ತದೆ. ಎಳೆತದ ಭಾರವೆಲ್ಲ ಪ್ಲಗ್‌ನ ಸಣ್ಣ ಪ್ಲಾಸ್ಟಿಕ್ ಕೊಂಡಿಯ ಮೇಲೆ ಬೀಳುತ್ತದೆ. ಕೊಂಡಿ ಮುರಿದರೆ ಪ್ಲಗ್ ಪೋರ್ಟಿನಲ್ಲಿ ಬಿಗಿಯಾಗಿ ನಿಲ್ಲುವುದಿಲ್ಲ. ಮೇಜು ಸ್ವಲ್ಪ ಅಲುಗಿದರೂ ಸಂಪರ್ಕ ಹೋಗುತ್ತದೆ. ಕಸ ಗುಡಿಸಲು ಮೇಜನ್ನು ಸರಿಸಿದಾಗ ಗಣಕಯಂತ್ರದ ಪೋರ್ಟೇ ಕಿತ್ತುಬರಬಹುದು. ಕೇಬಲ್‌ಗಿಂತ ಹಲವು ಪಟ್ಟು ಹೆಚ್ಚಿನ ದುರಸ್ತಿ ವೆಚ್ಚ ಆಗ ಎದುರಾಗುತ್ತದೆ. ಗಿಡ್ಡ ಕೇಬಲ್ ನೆಲದ ಅಂಚಿನಲ್ಲಿ ಸಾಗಲಾಗದೆ ಓಡಾಡುವ ದಾರಿಗೆ ಅಡ್ಡಲಾಗಿ ತೂಗುವುದೂ ಉಂಟು. ಎರಡು ಗಿಡ್ಡ ಕೇಬಲ್‌ಗಳನ್ನು ಜೋಡಕದಿಂದ ಸೇರಿಸಿದರೆ ಸಡಿಲವಾಗಬಲ್ಲ ಮತ್ತೊಂದು ಜಾಗವನ್ನು ನಾವೇ ಸೃಷ್ಟಿಸಿದಂತಾಗುತ್ತದೆ.

ಅತಿ ಉದ್ದದ ಕೇಬಲ್‌ನ ತೊಂದರೆ ಇನ್ನೊಂದು ಬಗೆಯದು. ಹೆಚ್ಚುವರಿ ಕೇಬಲ್ ಸಡಿಲವಾದ ಸುರುಳಿಯಾಗಿದ್ದ ಮಾತ್ರಕ್ಕೆ ಸಂಪರ್ಕ ನಿಧಾನವಾಗುವುದಿಲ್ಲ. ಆದರೆ ಆ ಸುರುಳಿ ನೆಲದ ಮೇಲೆ ಬಿದ್ದಿರುತ್ತದೆ. ಕುರ್ಚಿಯ ಗಾಲಿ ಅದರ ಮೇಲೆ ಹರಿಯುತ್ತದೆ, ಪೊರಕೆ ಎಳೆಯುತ್ತದೆ, ನೆಲ ಒರೆಸುವ ನೀರು ತಗಲುತ್ತದೆ, ಧೂಳು ಕೂತ ಮೂಲೆ ಇಲಿಗಳಿಗೆ ಆಶ್ರಯವಾಗುತ್ತದೆ. ಸುರುಳಿಯನ್ನು ಚಿಕ್ಕದಾಗಿಸಲು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದರೆ ಒಳಗಿನ ಜೋಡಿಗಳ ಹೆಣಿಗೆ ಕೆಡುತ್ತದೆ.

ಸ್ವಿಚ್ ಪೆಟ್ಟಿಗೆಯ ಉದಾಹರಣೆಯನ್ನು ನೋಡೋಣ. ಪೆಟ್ಟಿಗೆಯೊಳಗೆ 6 ಜೋಡಣೆಗಳಿಗೆ ತಲಾ ಅರ್ಧ ಮೀಟರ್ ಕೇಬಲ್ ಸಾಕು ಎಂದುಕೊಳ್ಳಿ. ಒಟ್ಟು 3 ಮೀಟರ್. "ಎಲ್ಲದಕ್ಕೂ ಒಂದೇ ಅಳತೆ ಇರಲಿ" ಎಂದು 3 ಮೀಟರಿನ 6 ಕೇಬಲ್ ತಂದರೆ ಒಟ್ಟು 18 ಮೀಟರ್ ಆಗುತ್ತದೆ. ಬೇಡದ 15 ಮೀಟರ್ ಕೇಬಲ್ ಆ ಸಣ್ಣ ಪೆಟ್ಟಿಗೆಯೊಳಗೆ ಗಂಟಾಗಿ ತುಂಬಿಕೊಳ್ಳುತ್ತದೆ. ಗಾಳಿಯಾಡದೆ ಉಪಕರಣ ಬಿಸಿಯಾಗುತ್ತದೆ. ದೋಷ ಹುಡುಕುವವರು ಒಂದನ್ನು ಎಳೆಯಲು ಹೋಗಿ ಇನ್ನೊಂದನ್ನು ಕೀಳುತ್ತಾರೆ.

ಭಾಗಶಃ ಹಾನಿ ತಕ್ಷಣ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸೆಕೆಂಡಿಗೆ 1000 ಮೆಗಾಬಿಟ್ ವೇಗಕ್ಕೆ 4 ಜೋಡಿಗಳೂ ಬೇಕು. 100 ಮೆಗಾಬಿಟ್‌ಗೆ 2 ಜೋಡಿ ಸಾಕು. ಒಂದು ತಂತಿ ತುಂಡಾದರೂ ಉಪಕರಣಗಳು ಕೆಳಗಿನ ವೇಗಕ್ಕೆ ಇಳಿದು ಕೆಲಸ ಮುಂದುವರಿಸಬಹುದು. ಇನ್ನೊಂದು ತಂತಿ ತುಂಡಾದ ದಿನ ಸಂಪರ್ಕ ಪೂರ್ಣವಾಗಿ ನಿಲ್ಲಬಹುದು. "ನಿನ್ನೆಯವರೆಗೂ ಸರಿಯಿತ್ತು" ಎಂಬ ಮಾತಿನ ಹಿಂದೆ ಹಲವೊಮ್ಮೆ ತಿಂಗಳುಗಳ ಹಾನಿ ಅಡಗಿರುತ್ತದೆ.

4. ಅಳೆಯುವ ಕ್ರಮ

ಅಳತೆಯಲ್ಲಿ ಆಗುವ ಮುಖ್ಯ ತಪ್ಪೆಂದರೆ ಎರಡು ಉಪಕರಣಗಳ ನಡುವಿನ ನೇರ ದೂರವನ್ನು ಲೆಕ್ಕಹಾಕುವುದು. ಕೇಬಲ್ ಗಾಳಿಯಲ್ಲಿ ನೇರವಾಗಿ ಹೋಗುವುದಿಲ್ಲ. ಅದು ಗೋಡೆಯ ಅಂಚನ್ನು ಹಿಡಿದು, ಮೇಜಿನ ಕಾಲನ್ನು ಏರಿ, ಮೇಜಿನ ಹಿಂಬದಿಯಲ್ಲಿ ಸಾಗುತ್ತದೆ. ಆದ್ದರಿಂದ ಟೇಪನ್ನು ಅದೇ ದಾರಿಯಲ್ಲಿ ಹಿಡಿಯಬೇಕು.

ಉದಾಹರಣೆಗೆ, ಗೋಡೆಯ ನೆಟ್‌ವರ್ಕ್ ಸಾಕೆಟ್ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿದೆ. ಮೇಜಿನ ಎತ್ತರ 75 ಸೆಂ.ಮೀ. ಗಣಕಯಂತ್ರ ಮೇಜಿನ ಮೇಲಿದೆ. ಆಗ ಲೆಕ್ಕ ಹೀಗಾಗುತ್ತದೆ:

ಸಾಕೆಟ್‌ನಿಂದ ಗೋಡೆಯ ಉದ್ದಕ್ಕೂ ಮೇಜಿನ ಕಾಲಿನವರೆಗೆ: 90 ಸೆಂ.ಮೀ.
ಮೇಜಿನ ಕಾಲಿನ ಪಕ್ಕದಲ್ಲಿ ಮೇಲಕ್ಕೆ: 45 ಸೆಂ.ಮೀ.
ಮೇಜಿನ ಹಿಂಬದಿಯಲ್ಲಿ ಗಣಕಯಂತ್ರದವರೆಗೆ: 60 ಸೆಂ.ಮೀ.
ದಾರಿಯ ಒಟ್ಟು ಉದ್ದ: 195 ಸೆಂ.ಮೀ.
ಸಡಿಲಕ್ಕಾಗಿ ಸೇರಿಸುವುದು: 40 ಸೆಂ.ಮೀ.
ಬೇಕಾದ ಉದ್ದ: 235 ಸೆಂ.ಮೀ.

ಇದೇ ಸಾಕೆಟ್‌ನಿಂದ ಗಣಕಯಂತ್ರಕ್ಕೆ ನೇರವಾಗಿ ಅಳೆದರೆ ಸುಮಾರು 157 ಸೆಂ.ಮೀ. ಮಾತ್ರ ಬರುತ್ತದೆ. ಕಣ್ಣಂದಾಜಿನಲ್ಲಿ 2 ಮೀಟರ್ ಧಾರಾಳವಾಗಿ ಸಾಕೆನಿಸುತ್ತದೆ. ಆದರೆ ದಾರಿ ಹಿಡಿದು ಅಳೆದಾಗ 2 ಮೀಟರಿನ ಕೇಬಲ್‌ನಲ್ಲಿ ಉಳಿಯುವುದು 5 ಸೆಂ.ಮೀ. ಮಾತ್ರ, ಅದು ಎಳೆತಕ್ಕೆ ಸಿಕ್ಕಿಯೇ ತೀರುತ್ತದೆ. ಇಲ್ಲಿ ಸರಿಯಾದ ಆಯ್ಕೆ 3 ಮೀಟರ್. ಸಿದ್ಧ ಪ್ಯಾಚ್ ಕೇಬಲ್‌ಗಳು ಸಾಮಾನ್ಯವಾಗಿ 0.5, 1, 2, 3, 5 ಮತ್ತು 10 ಮೀಟರ್ ಅಳತೆಗಳಲ್ಲಿ ದೊರೆಯುತ್ತವೆ. ಲೆಕ್ಕಕ್ಕೆ ಬಂದ ಉದ್ದಕ್ಕಿಂತ ಮೇಲಿನ ಮೊದಲ ಅಳತೆಯನ್ನು ಆರಿಸಬೇಕು. ಅದಕ್ಕೂ ಮೇಲಿನದು ಬೇಡ.

ಸಡಿಲ ಎಷ್ಟಿರಬೇಕು ಎಂಬುದು ಸ್ಥಳವನ್ನು ಅವಲಂಬಿಸಿದೆ. ಗಣಕಯಂತ್ರವನ್ನು ಮುಂದಕ್ಕೆ ಸರಿಸಿ ಹಿಂಬದಿಯನ್ನು ಶುಚಿಗೊಳಿಸುವಷ್ಟು ಸಡಿಲ ಮೇಜಿನ ಬಳಿ ಬೇಕು. 30ರಿಂದ 50 ಸೆಂ.ಮೀ. ಸಾಕಾಗುತ್ತದೆ. ಅಲುಗದ ಸ್ವಿಚ್ ಪೆಟ್ಟಿಗೆಯೊಳಗೆ 10ರಿಂದ 15 ಸೆಂ.ಮೀ. ಸಾಕು. ಉಳಿದ ಸಡಿಲವನ್ನು ಅಂಗೈ ಅಗಲದ ಸುರುಳಿಯಾಗಿ ಸುತ್ತಿ, ಮೃದುವಾದ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ನೆಲಕ್ಕೆ ತಾಗದಂತೆ ಮೇಜಿನ ಕೆಳಮೈಗೆ ಸಿಕ್ಕಿಸಬೇಕು. ಮೂಲೆಗಳಲ್ಲಿ ಕೇಬಲ್ಲನ್ನು ಮಡಿಸದೆ ಬಾಗಿಸಬೇಕು. ಬಾಗುವಿನ ತ್ರಿಜ್ಯ ಕೇಬಲ್‌ನ ದಪ್ಪದ 4 ಪಟ್ಟಿಗಿಂತ ಕಡಿಮೆಯಾಗದಿರುವುದು ಸುರಕ್ಷಿತ. 6 ಮಿ.ಮೀ. ದಪ್ಪದ ಕೇಬಲ್‌ಗೆ ಇದು ಸುಮಾರು 2.5 ಸೆಂ.ಮೀ.

ಅಳೆಯುವ ಮುನ್ನ ಪೀಠೋಪಕರಣಗಳ ಜಾಗವನ್ನು ಅಂತಿಮಗೊಳಿಸಬೇಕು. ಕೇಬಲ್ ತಂದ ಬಳಿಕ ಮೇಜನ್ನು ಕಿಟಕಿಯ ಬದಿಗೆ ಸರಿಸಲು ತೀರ್ಮಾನಿಸಿದರೆ ಅಳತೆಯೆಲ್ಲ ವ್ಯರ್ಥ.

5. ದೂರದ ಕೊಠಡಿಗೆ ಏನು ಮಾಡಬೇಕು?

ಸ್ವಿಚ್ ಇರುವ ಕೊಠಡಿಯಲ್ಲೇ ಗಣಕಯಂತ್ರವಿದ್ದು, ದಾರಿ 5 ಮೀಟರ್ ಒಳಗಿದ್ದರೆ ಒಂದು ಸಿದ್ಧ ಪ್ಯಾಚ್ ಕೇಬಲ್ ಸಾಕು. ಅಧ್ಯಕ್ಷರ ಕೊಠಡಿ, ಸಭಾಂಗಣ ಅಥವಾ ಬೇರೆ ಕೊಠಡಿಗೆ ಸಂಪರ್ಕ ಬೇಕಾದಾಗ 15 ಅಥವಾ 20 ಮೀಟರಿನ ಪ್ಯಾಚ್ ಕೇಬಲ್ಲನ್ನು ಬಾಗಿಲ ಸಂದಿಯಿಂದ ಎಳೆಯುವುದು ಸರಿಯಲ್ಲ. ಬಾಗಿಲು ಮುಚ್ಚಿದಾಗಲೆಲ್ಲ ಕೇಬಲ್ ಜಜ್ಜಿಹೋಗುತ್ತದೆ, ನಡೆಯುವವರ ಕಾಲಿಗೂ ತೊಡರುತ್ತದೆ. ಗೋಡೆಯ ಮೇಲೆ ಕೇಸಿಂಗ್ ಪಟ್ಟಿ ಹಾಕಿ, ಗಟ್ಟಿ ತಂತಿಯ ಸ್ಥಿರ ಕೇಬಲ್ ಎಳೆದು, ಕೊಠಡಿಯಲ್ಲಿ ಸಾಕೆಟ್ ಅಳವಡಿಸಿ, ಎರಡು ತುದಿಗಳಲ್ಲಿ ಮಾತ್ರ ಗಿಡ್ಡ ಪ್ಯಾಚ್ ಕೇಬಲ್ ಬಳಸಬೇಕು. ಆಗ ತುದಿಯ ಕೇಬಲ್ ಹಾಳಾದರೂ ಅದನ್ನಷ್ಟೇ ಬದಲಿಸಿದರೆ ಸಾಕು. ಗೋಡೆಯ ಕೆಲಸ ಹಾಗೆಯೇ ಉಳಿಯುತ್ತದೆ. ಈ ಕೇಬಲ್ಲನ್ನು 230 ವೋಲ್ಟ್ ವಿದ್ಯುತ್ ತಂತಿಯಿರುವ ಪೈಪಿನಲ್ಲಿಯೇ ಎಳೆಯಬಾರದು. ಅದು ಅಪಾಯಕರ, ಸಂಕೇತಕ್ಕೂ ಅಡಚಣೆ.

ಸ್ಥಿರ ಕೇಬಲ್ ಸಾಮಾನ್ಯವಾಗಿ 305 ಮೀಟರ್, ಅಂದರೆ 1000 ಅಡಿಯ ಪೆಟ್ಟಿಗೆಯಲ್ಲಿ ಬರುತ್ತದೆ. ಒಂದು ಕಚೇರಿಯ 5 ದಾರಿಗಳು 14, 18, 11, 22 ಮತ್ತು 9 ಮೀಟರ್ ಇದ್ದರೆ ಒಟ್ಟು ಅಗತ್ಯ 74 ಮೀಟರ್. ಜೋಡಣೆಯ ತುದಿಗಳಿಗಾಗಿ ಪ್ರತಿ ದಾರಿಗೆ 2 ಮೀಟರ್ ಸೇರಿಸಿದರೂ 84 ಮೀಟರ್. ಇದಕ್ಕೆ ಪೂರ್ಣ ಪೆಟ್ಟಿಗೆಯ ದರಪಟ್ಟಿ ಬಂದಾಗ, ಉಳಿಯುವ 221 ಮೀಟರ್ ಕೇಬಲ್‌ನ ಉಪಯೋಗವೇನು ಎಂದು ಸದಸ್ಯರು ಕೇಳುವುದು ನ್ಯಾಯಸಮ್ಮತ. ಈ ಬಗೆಯ ಕೇಬಲ್‌ನ ಹೊರಕವಚದ ಮೇಲೆ ಉದ್ದದ ಗುರುತುಗಳು ಕ್ರಮವಾಗಿ ಮುದ್ರಿತವಾಗಿರುತ್ತವೆ. ಎರಡೂ ತುದಿಗಳ ಗುರುತನ್ನು ಓದಿ ಕಳೆದರೆ ನಿಜವಾಗಿ ಬಳಸಿದ ಉದ್ದ ತಿಳಿಯುತ್ತದೆ. ಬಿಲ್ಲಿನಲ್ಲಿ ನಮೂದಿಸಿದ ಅಳತೆಯನ್ನು ಪರಿಶೀಲಿಸಲು ಇದು ಸುಲಭ ಉಪಾಯ.

6. ಗ್ರಂಥಾಲಯ, ಅಂಗನವಾಡಿ, ಶಾಲೆಗೆ ಸಂಪರ್ಕ ಕೊಡುವಾಗ

ಕಚೇರಿಯ ಸಂಪರ್ಕವನ್ನು ಪಕ್ಕದ ಕಟ್ಟಡಕ್ಕೂ ವಿಸ್ತರಿಸಬೇಕೆಂಬ ಬೇಡಿಕೆ ಸಹಜ. ಆದರೆ ಕಟ್ಟಡದಿಂದ ಕಟ್ಟಡಕ್ಕೆ ಮರ ಅಥವಾ ಕಂಬದ ಮೇಲೆ ತಾಮ್ರದ ಕೇಬಲ್ ಎಳೆಯುವುದು ಸೂಕ್ತವಲ್ಲ. ಒಳಾಂಗಣದ ಕೇಬಲ್‌ನ ಹೊರಕವಚ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ, ಮಳೆನೀರು ಒಳಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲಿಯೋ ಸಿಡಿಲು ಬಡಿದರೂ ಉದ್ದನೆಯ ತಾಮ್ರದ ತಂತಿಯಲ್ಲಿ ಅಧಿಕ ವೋಲ್ಟೇಜ್ ಪ್ರೇರಿತವಾಗಿ, ಎರಡೂ ಕಟ್ಟಡಗಳ ಉಪಕರಣಗಳು ಸುಟ್ಟುಹೋಗಬಹುದು. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ಆಧಾರತಂತಿಯಿಲ್ಲದ ಫೈಬರ್ ಕೇಬಲ್ಲನ್ನು ಆರಿಸಿದರೆ ಈ ಅಪಾಯ ತಪ್ಪುತ್ತದೆ, 100 ಮೀಟರ್ ಮಿತಿಯೂ ಅಡ್ಡಬರುವುದಿಲ್ಲ. ಆದ್ದರಿಂದ ಅಂತರ ಎಷ್ಟೇ ಕಡಿಮೆಯಿದ್ದರೂ ಕಟ್ಟಡಗಳ ನಡುವೆ ಫೈಬರ್ ಬಳಸುವುದೇ ಲೇಸು.

ಗೋಡೆಯ ಪೆಟ್ಟಿಗೆಯಿಂದ ಓಎನ್‌ಟಿಗೆ ಹೋಗುವ ತೆಳುವಾದ ಫೈಬರ್ ಪ್ಯಾಚ್ ಕೇಬಲ್ಲನ್ನು ಮಾತ್ರ ಕಚೇರಿ ಸಿಬ್ಬಂದಿ ಬದಲಿಸಲು ಮುಂದಾಗಬಾರದು. ಅದು ನಿರ್ವಹಣೆಯ ಹೊಣೆ ಹೊತ್ತ ಸಂಸ್ಥೆಯ ಕೆಲಸ. ಅದರ ಮೇಲೆ ಭಾರ ಬೀಳದಂತೆ, ಅದು ಮಡಿಚಿಕೊಳ್ಳದಂತೆ ನೋಡಿಕೊಂಡರೆ ಸಾಕು. ಕಳಚಿದ ಫೈಬರ್‌ನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು.

7. ಅಳತೆ ಸರಿಯಿದ್ದರೂ ಸರಕು ಸರಿಯಿರಬೇಕು

ಅಗ್ಗದ ಕೆಲವು ಕೇಬಲ್‌ಗಳಲ್ಲಿ ಇರುವುದು ಶುದ್ಧ ತಾಮ್ರವಲ್ಲ, ತಾಮ್ರದ ಲೇಪನವಿರುವ ಅಲ್ಯೂಮಿನಿಯಂ. ಇಂಥ ತಂತಿ ಬೇಗ ಮುರಿಯುತ್ತದೆ, ಸಂಕೇತದ ನಷ್ಟವೂ ಹೆಚ್ಚು. ಕೇಬಲ್ ಮೂಲಕವೇ ವಿದ್ಯುತ್ ಪಡೆಯುವ ಸಿಸಿ ಕ್ಯಾಮೆರಾಗಳಿಗೆ ಇದನ್ನು ಬಳಸಿದರೆ ಕೇಬಲ್ ಬಿಸಿಯಾಗುವ ಅಪಾಯವಿದೆ. ಇದು ನೆಟ್‌ವರ್ಕ್ ಕೇಬಲ್ ಮಾನದಂಡಗಳಿಗೆ ಒಪ್ಪುವಂಥದ್ದಲ್ಲ. ಕತ್ತರಿಸಿದ ತುದಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ಅಲ್ಯೂಮಿನಿಯಂ ಎಂದು ಸಂಶಯಪಡಬೇಕು. ದರಪಟ್ಟಿ ಕೋರುವಾಗ "ಕ್ಯಾಟ್-6, ಶುದ್ಧ ತಾಮ್ರದ ತಂತಿ" ಎಂದು ಸ್ಪಷ್ಟವಾಗಿ ನಮೂದಿಸಬೇಕು. ಉಳಿದ ತುಂಡಿಗೆ ಕಚೇರಿಯಲ್ಲೇ ಪ್ಲಗ್ ಒತ್ತಿಸಿ ಮಾಡುವ ಕೇಬಲ್‌ಗಿಂತ, ಕಾರ್ಖಾನೆಯಲ್ಲಿ ಪ್ಲಗ್ ಜೋಡಿಸಿ ಪರೀಕ್ಷಿಸಿದ ಸಿದ್ಧ ಪ್ಯಾಚ್ ಕೇಬಲ್ ಹೆಚ್ಚು ವಿಶ್ವಾಸಾರ್ಹ.

8. ಅನುಮೋದನೆಗೆ ಮುನ್ನ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಕೇಬಲ್ ಖರೀದಿಯ ಮೊತ್ತ ಚಿಕ್ಕದು ಎಂಬ ಕಾರಣಕ್ಕೆ ಚರ್ಚೆಯಿಲ್ಲದೆ ಒಪ್ಪಿಗೆ ಪಡೆಯುವ ವಿಷಯಗಳಲ್ಲಿ ಇದೂ ಒಂದು. ಸಾಮಾನ್ಯ ಸಭೆಯಲ್ಲಿ ಈ ವಿಷಯ ಬಂದಾಗ ಸದಸ್ಯರು ಕೆಳಗಿನ ಪ್ರಶ್ನೆಗಳನ್ನು ಕೇಳಬಹುದು:

(1) ಪ್ರತಿ ಜೋಡಣೆಯ ದಾರಿಯನ್ನು ಟೇಪಿನಿಂದ ಅಳೆದು ಪಟ್ಟಿ ಮಾಡಲಾಗಿದೆಯೇ?
(2) ದರಪಟ್ಟಿಯಲ್ಲಿ ಪ್ರತಿ ಅಳತೆಯ ಕೇಬಲ್‌ಗಳ ಸಂಖ್ಯೆ ಬೇರೆಬೇರೆಯಾಗಿ ಇದೆಯೇ, ಅಥವಾ ಎಲ್ಲವೂ ಒಂದೇ ಉದ್ದವೇ?
(3) 5 ಮೀಟರ್ ಮೀರಿದ ಪ್ಯಾಚ್ ಕೇಬಲ್ ಏಕೆ ಬೇಕು? ಅಲ್ಲಿ ಸಾಕೆಟ್ ಅಳವಡಿಸಬಹುದೇ?
(4) ತಂತಿ ಶುದ್ಧ ತಾಮ್ರದ್ದೇ? ಅದು ದರಪಟ್ಟಿಯಲ್ಲಿ ನಮೂದಾಗಿದೆಯೇ?
(5) ಬಿಡಿ ಕೇಬಲ್ ಒಂದನ್ನು ಕಚೇರಿಯಲ್ಲಿ ಇಟ್ಟುಕೊಳ್ಳಲಾಗುವುದೇ?

ಕೊನೆಯ ಪ್ರಶ್ನೆಯನ್ನು ಲಘುವಾಗಿ ಭಾವಿಸಬಾರದು. ಕಚೇರಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯ ಒಂದು ಕೇಬಲ್ ಕಪಾಟಿನಲ್ಲಿದ್ದರೆ, ಎರಡು ದಿನ ನಿಲ್ಲಬಹುದಾದ ಸೇವೆ ಐದು ನಿಮಿಷದಲ್ಲಿ ಮರಳುತ್ತದೆ. ಜೊತೆಗೆ ಪ್ರತಿ ಕೇಬಲ್‌ನ ಎರಡೂ ತುದಿಗಳಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಸಂಖ್ಯೆ, ಉದ್ದ, ಎಲ್ಲಿಂದ ಎಲ್ಲಿಗೆ ಮತ್ತು ಅಳವಡಿಸಿದ ದಿನಾಂಕವನ್ನು ದಾಸ್ತಾನು ವಹಿಯ ಒಂದು ಪುಟದಲ್ಲಿ ಬರೆದಿಡಬೇಕು. ಡಾಟಾ ಎಂಟ್ರಿ ಆಪರೇಟರ್ ಬದಲಾದರೂ ಮಾಹಿತಿ ಕಚೇರಿಯಲ್ಲೇ ಉಳಿಯುತ್ತದೆ.

ಮುಂದೊಮ್ಮೆ "ಸರ್ವರ್ ಇಲ್ಲ" ಎಂಬ ಉತ್ತರ ಕೇಳಿಬಂದಾಗ ಸದಸ್ಯರು ಎರಡು ಕಡೆ ನೋಡುವಂತೆ ಸೂಚಿಸಬಹುದು. ಓಎನ್‌ಟಿಯ ಮೇಲೆ "ಎಲ್‌ಒಎಸ್" ಎಂದು ಬರೆದಿರುವ ಕೆಂಪು ದೀಪ ಉರಿಯುತ್ತಿದ್ದರೆ ಫೈಬರ್ ಸಂಕೇತ ಬರುತ್ತಿಲ್ಲ ಎಂದರ್ಥ. ದೂರನ್ನು ನಿರ್ವಹಣಾ ಸಂಸ್ಥೆಗೆ ಸಲ್ಲಿಸಬೇಕು. ಆ ದೀಪ ಉರಿಯದೆ, ಚಾಲನೆಯಲ್ಲಿರುವ ಗಣಕಯಂತ್ರದ ಕೇಬಲ್ ಸೇರುವ ಪೋರ್ಟಿನ ಸಣ್ಣ ದೀಪ ಆರಿದ್ದರೆ, ಮೊದಲು ಬಿಡಿ ಕೇಬಲ್ ಹಾಕಿ ನೋಡಬೇಕು.

ನೀರಿನ ಪೈಪು ಹಾಕುವಾಗ, ರಸ್ತೆ ಮಾಡುವಾಗ ಅಳತೆಯಿಲ್ಲದೆ ಕಾಮಗಾರಿಗೆ ಒಪ್ಪಿಗೆ ನೀಡದ ಸದಸ್ಯರು, ಕಚೇರಿಯೊಳಗಿನ ಈ ಪುಟ್ಟ ಕೆಲಸಕ್ಕೂ ಅದೇ ಶಿಸ್ತನ್ನು ಅನ್ವಯಿಸಬೇಕೆಂದು ಕೋರಲಾಗಿದೆ. ಉಳಿತಾಯವಾಗುವ ಹಣ ಅಲ್ಪವಿರಬಹುದು. ಆದರೆ ಒಂದು ದಿನದ ಕೂಲಿ ಬಿಟ್ಟು ಬಂದವರು ಕೆಲಸ ಮುಗಿಸಿಕೊಂಡು ಮನೆಗೆ ಮರಳುವುದು ಅಲ್ಪ ವಿಷಯವಲ್ಲ.